ಆಮ್ಲಕ್ಕೆ ಬಿದ್ದ ಒಂಟಿ ಬುಗುಡಿ

ಹೆಂಡತಿಯ ಬಂಗಾರದ ವಿಷಯದಲ್ಲಿ ಗಂಡಸರು ಮಾಡುವ ಅಪರಾಧಗಳು ಎರಡೇ ಬಗೆಯವು ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಒಂದು, ಮಾಡಿಸಿಕೊಡುತ್ತೇನೆ ಎಂದು ಹೇಳಿ ಮಾಡಿಸಿಕೊಡದೆ ಇರುವುದು. ಇನ್ನೊಂದು, ತವರಿನವರು ಮಾಡಿಸಿಕೊಟ್ಟದ್ದನ್ನು ಒಯ್ದು ಒತ್ತೆ ಇಡುವುದು. ಮೊದಲನೆಯದನ್ನು ನಾನು ಮದುವೆಯಾದ ವರ್ಷದಿಂದ ತಪ್ಪದೆ ನಡೆಸಿಕೊಂಡು ಬಂದಿದ್ದೇನೆ. ಎರಡನೆಯದಕ್ಕೆ ಬೇಕಾದ ಧೈರ್ಯ ನನ್ನಲ್ಲಿ ಇಲ್ಲ. ಆದರೆ ಮೂರನೆಯದೊಂದು ಬಗೆ ಇದೆ, ಅದನ್ನು ನಾನು ಮಾಡಿದ್ದೇನೆ. ಹಾಡಹಗಲು ಹನ್ನೊಂದು ಗಂಟೆಗೆ, ಬಿಳಿ ಕೋಟು ತೊಟ್ಟು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿಕೊಂಡು, ಹೆಂಡತಿಯ ಒಡವೆಯನ್ನು ಗಾಜಿನ ಬೀಕರಿಗೆ ಹಾಕಿ, ಎರಡು ಆಮ್ಲಗಳನ್ನು ಕೂಡಿಸಿ ಸುರಿದು, ಕರಗಿಸಿಬಿಟ್ಟೆ. ಕದ್ದದ್ದಲ್ಲ, ಅವಳೇ ಕೊಟ್ಟದ್ದು. ಕದ್ದಿದ್ದರೆ ಒಂದು ಸಲ ಬೈಸಿಕೊಂಡು ಹಗುರಾಗುತ್ತಿದ್ದೆ. ಅವಳು ತಾನಾಗಿಯೇ ಕೊಟ್ಟಳು ಎನ್ನುವುದೇ ನನ್ನನ್ನು ತಿಂಗಳುಗಟ್ಟಲೆ ಚುಚ್ಚಿತು.

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಮನೆ ಅನಗೋಳದ ಒಂದು ಓಣಿಯಲ್ಲಿ. ನಮ್ಮ ಓಣಿಯ ಮಂದಿಗೆ ನಾನು ಬಂಗಾರದ ಮೇಲೆ ಸಂಶೋಧನೆ ಮಾಡುತ್ತೇನೆ ಎನ್ನುವುದು ಹೇಗೋ ಗೊತ್ತಾಗಿ, ಬಂಗಾರದ ಭಾವ ಇಳಿಯುತ್ತದೋ ಏರುತ್ತದೋ ಎಂದು ಕೇಳುವುದಕ್ಕೆ ಗೇಟಿನ ಬಳಿ ನಿಲ್ಲುತ್ತಾರೆ. ನನ್ನ ಬಂಗಾರ ಭಾವ ಇರುವಂಥದಲ್ಲ ಎಂದು ಹೇಳಿದರೆ ನಂಬುವುದಿಲ್ಲ. ಬಂಗಾರ ಎಂದರೆ ತುಕ್ಕು ಹಿಡಿಯದ, ಯಾರ ಜೊತೆಗೂ ಬೆರೆಯದ, ದೊಡ್ಡಸ್ತಿಕೆಯ ಲೋಹ. ಆದರೆ ಅದನ್ನೇ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಒಡೆದು ಒಂದು ಬಿಳಿ ಪುಡಿಯ ಮೇಲೆ ಕೂರಿಸಿದರೆ ಅದರ ಸ್ವಭಾವವೇ ಬದಲಾಗುತ್ತದೆ. ಹಳದಿ ಹೋಗಿ ಕೋಕಂ ಶರಬತ್ತಿನ ಬಣ್ಣ ಬರುತ್ತದೆ. ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿದು ಪಕ್ಕದಲ್ಲಿರುವ ದ್ರವಕ್ಕೆ ಕೂಡಿಸತೊಡಗುತ್ತದೆ, ತಾನು ಮಾತ್ರ ಹಾಗೆಯೇ ಉಳಿಯುತ್ತದೆ. ಇದಕ್ಕೆ ನಾವು ವೇಗವರ್ಧಕ ಎನ್ನುತ್ತೇವೆ, ತರಗತಿಯ ಹೊರಗೆ ಎಲ್ಲರೂ ಕ್ಯಾಟಲಿಸ್ಟ್ ಎನ್ನುತ್ತಾರೆ. ನಮ್ಮ ಕೆಲಸ ಒಂದು ಬಗೆಯ ಆಲ್ಕೋಹಾಲನ್ನು ಬಾದಾಮಿ ವಾಸನೆಯ ಎಣ್ಣೆಯನ್ನಾಗಿ ಮಾಡುವುದು. ಕ್ರಿಯೆ ಕಡಿಮೆಯಾದರೆ ಆಲ್ಕೋಹಾಲು ಹಾಗೆಯೇ ಕೂತಿರುತ್ತದೆ, ಹೆಚ್ಚಾದರೆ ಬಾದಾಮಿಯನ್ನೂ ದಾಟಿ ಉಪಯೋಗವಿಲ್ಲದ ಆಮ್ಲವಾಗುತ್ತದೆ. ಹಾಲು ಉಕ್ಕುವ ಗಳಿಗೆಗೆ ಸರಿಯಾಗಿ ಒಲೆಯಿಂದ ಇಳಿಸಿದ ಹಾಗೆ ನಡುವೆ ನಿಲ್ಲಿಸಬೇಕು. ಮನೆಯಲ್ಲಿ ಹಾಲು ನೋಡಿಕೊಳ್ಳಲು ಹೇಳಿದಾಗಲೆಲ್ಲ ಉಕ್ಕಿಸಿದ ನನಗೆ ಈ ವಿಷಯದಲ್ಲಿ ಡಾಕ್ಟರೇಟ್ ಕೊಟ್ಟಿದ್ದಾರೆ ಎನ್ನುವುದು ಮಂಗಲಾಳಿಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಮಂಗಲಾ ನನ್ನ ಹೆಂಡತಿ. ಖಾನಾಪುರದವಳು, ಸಿಟ್ಟು ಬಂದಾಗ ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾಳೆ. ಈ ಬಾದಾಮಿ ವಾಸನೆಯಿಂದ ನಮ್ಮ ಸಂಸಾರದಲ್ಲಿ ಒಂದು ಸಲ ದೊಡ್ಡ ಗೊಂದಲ ಆಗಿತ್ತು. ನನಗೆ ಸಕ್ಕರೆ ಕಾಯಿಲೆ. ದಿನಾ ಸಂಜೆ ಅಂಗಿಯೆಲ್ಲ ಬಾದಾಮಿ ಘಮಘಮ ಎನ್ನುತ್ತ ಮನೆಗೆ ಬಂದರೆ ಅವಳೇನು ತಿಳಿದುಕೊಳ್ಳಬೇಕು? "ಎಷ್ಟ ಗ್ಲಾಸ್ ಬಾದಾಮ್ ಹಾಲ ಕುಡದ ಬಂದ್ರಿ ಇವತ್ತ? ಸುಳ್ಳ ಹೇಳಬ್ಯಾಡ್ರಿ, ಅಂಗೀನ ಹೇಳಾಕತ್ತೇತಿ" ಎಂದಳು. ಅದು ವಿಜ್ಞಾನದ ವಾಸನೆ ಎಂದೆ. ಕೊನೆಗೆ ಅವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಒಂದು ಸೀಸೆಯನ್ನು ದೂರದಿಂದ ಮೂಸಿಸಬೇಕಾಯಿತು. ಅಲ್ಲಿಯೇ ಅವಳಿಗೆ ನನ್ನ ವಿದ್ಯಾರ್ಥಿನಿ ವಿದ್ಯಾಳ ಪರಿಚಯವಾದದ್ದು. ಹದಿನೈದು ನಿಮಿಷದಲ್ಲಿ ಇಬ್ಬರೂ ನನ್ನ ಮರೆವಿನ ಬಗ್ಗೆ ಒಂದೇ ಅಭಿಪ್ರಾಯಕ್ಕೆ ಬಂದರು.

ವಿದ್ಯಾ ಗುಂಜಿಯ ಹುಡುಗಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ರೈಲಿನಲ್ಲೇ ಹೋಗುವವಳು. ನನ್ನ ಕೈಕೆಳಗೆ ಪಿಎಚ್.ಡಿ.ಗೆ ಸೇರಿ ಆರನೆಯ ವರ್ಷ ನಡೆದಿತ್ತು, ಅವಧಿಯನ್ನು ಎರಡು ಸಲ ವಿಸ್ತರಿಸಿ ಆಗಿತ್ತು. ಮೂರನೆಯ ಸಲ ವಿಸ್ತರಣೆ ಇಲ್ಲ. ಮಳೆಗಾಲ ಮುಗಿಯುವುದರೊಳಗೆ ಒಂದು ಲೇಖನ ಪ್ರಕಟಣೆಗೆ ಒಪ್ಪಿಗೆಯಾಗಿ, ಮಹಾಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ಆರು ವರ್ಷ ರೈಲಿನಲ್ಲಿ ಓಡಾಡಿದ್ದಷ್ಟೇ ಲಾಭ. ಅವಳ ಕೆಲಸ ಅಚ್ಚುಕಟ್ಟು, ಟಿಪ್ಪಣಿ ಪುಸ್ತಕ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಆದರೆ ಕ್ಯಾಟಲಿಸ್ಟ್ ಅರ್ಧ ದಾರಿಯವರೆಗೆ ಬಂದು ನಿಂತುಬಿಡುತ್ತಿತ್ತು. "ಈ ಸಲ ಆಗಲಿಲ್ಲಂದ್ರ ಸಾಕ ಮಾಡ್ತೀನ್ರಿ ಸರ್, ಮನ್ಯಾಗ ಎಷ್ಟಂತ ಹೇಳಲಿ" ಎಂದು ಒಂದು ದಿನ ಅಂದಳು. ಕೊನೆಯ ಸುತ್ತಿನ ಪ್ರಯೋಗಗಳಿಗೆ ಬೇಕಾದ ಬಂಗಾರದ ಲವಣ ಒಂದು ಪುಟ್ಟ ಸೀಸೆಯಷ್ಟು ನಮ್ಮಲ್ಲಿ ಉಳಿದಿತ್ತು.

ಆ ಸೀಸೆಯನ್ನು ಹಾಳುಮಾಡಿದವನು ನಾನು. ಬಂಗಾರದ ಲವಣದ ದ್ರಾವಣಕ್ಕೆ ಉಕ್ಕಿನ ಚಮಚ ಮುಟ್ಟಿಸಬಾರದು. ಮುಟ್ಟಿಸಿದರೆ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ, ಬಂಗಾರ ಕರ್ರಗೆ ಕೆಸರಾಗಿ ಹೊರಬೀಳುತ್ತದೆ. ಇದನ್ನು ನಾನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಮುಟ್ಟಿಸಿದ ವಿದ್ಯಾರ್ಥಿಗಳ ಮರ್ಯಾದೆ ತೆಗೆದಿದ್ದೇನೆ. ವಿದ್ಯಾ ಮನೆಯಲ್ಲಿ ಪೂಜೆ ಇದೆಯೆಂದು ನಾಲ್ಕು ದಿನ ರಜೆ ಹಾಕಿದ್ದಳು. ಅವಳಿಗೆ ಸಹಾಯವಾಗಲಿ ಎಂದು ನಾನೇ ಪೂರ್ತಿ ಸೀಸೆಯನ್ನು ನೀರಿನಲ್ಲಿ ಕರಗಿಸಿದೆ. ಗಾಜಿನ ಕಡ್ಡಿ ಕೈಗೆ ಸಿಗಲಿಲ್ಲ, ಸಿಕ್ಕದ್ದನ್ನು ಹಾಕಿ ತಿರುವಿದೆ, ಅದನ್ನು ಅಲ್ಲೇ ಬಿಟ್ಟು ಚಹಾ ಕುಡಿಯಲು ಹೋದೆ. ಚಹಾದ ಜೊತೆಗೆ ಕಾಲೇಜಿನ ರಾಜಕೀಯ ಬಂತು. ತಿರುಗಿ ಬಂದಾಗ ನಮ್ಮ ಪ್ರಯೋಗಾಲಯದ ಹಿರಿಯ ಸಹಾಯಕ ಯಲ್ಲಪ್ಪ ಬೀಕರನ್ನು ತೊಳೆದು ಬೋರಲು ಹಾಕಿ, ಚಮಚವನ್ನು ಲಖಲಖ ತಿಕ್ಕಿ ಇಟ್ಟಿದ್ದ. "ತಳಕ್ಕ ಕರ್ರನ ಕಸ ಕುಂತಿತ್ರಿ ಸರ್, ನೀವ ನೋಡಿದ್ರ ಒದರತೀರಿ ಅಂತ ಲಗೂನ ತೊಳದೆ" ಎಂದ. ನಾನು ಒದರಲಿಲ್ಲ. ಒದರಬೇಕಾದರೆ ಗೋಡೆಯ ಮೇಲಿನ ನನ್ನ ಅಕ್ಷರಕ್ಕೇ ಒದರಬೇಕಾಗಿತ್ತು.

ಹೊಸ ಸೀಸೆ ಬರಲು ಎರಡು ತಿಂಗಳು ಎಂದರು. ಆ ದಿನ ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಮಂಗಲಾ ಎಲ್ಲವನ್ನೂ ಹೊರಗೆ ಹಾಕಿಸಿದಳು. ಅಡುಗೆಮನೆಗೆ ಹೋದವಳು ತಿರುಗಿ ಬರುವಾಗ ಕೈಯಲ್ಲಿ ಒಂದು ಬುಗುಡಿ ಹಿಡಿದಿದ್ದಳು. ಬುಗುಡಿ ಅಂದರೆ ಕಿವಿಯ ಮೇಲಂಚಿಗೆ ಹಾಕಿಕೊಳ್ಳುವ ಒಡವೆ, ನಮ್ಮ ಕಡೆಯ ಅಜ್ಜಿಯರು ಹಾಕುತ್ತಿದ್ದರು. ಅದು ಜೋಡಿಯ ಒಡವೆ, ಆದರೆ ಇದು ಒಂಟಿ. ಅದಕ್ಕೊಂದು ಕತೆ ಇದೆ. ಮಂಗಲಾಳ ಅಜ್ಜಿ ತೀರಿಕೊಂಡಾಗ ಅವರ ಇಬ್ಬರು ಹೆಣ್ಣುಮಕ್ಕಳು ಎಲ್ಲವನ್ನೂ ಸಮಸಮ ಹಂಚಿಕೊಂಡರು. ಪಾತಲದ ಸೀರೆ, ಕೊಡ, ಹಂಡೆ ಎಲ್ಲ ಸರಿಯಾಗಿ ಆಯಿತು. ಬುಗುಡಿಯ ಜೋಡಿ ಒಂದೇ ಇತ್ತು. ನೀ ತಗೋ ಎಂದು ಇವರು, ನೀನೇ ತಗೋ ಎಂದು ಅವರು, ಆಮೇಲೆ ಯಾರು ಮೊದಲು ನೀ ತಗೋ ಅಂದದ್ದು ಎನ್ನುವುದರ ಮೇಲೆ ಜಗಳವಾಗಿ, ಕೊನೆಗೆ ಆಳಿಗೆ ಒಂದೊಂದು ತೆಗೆದುಕೊಂಡರು. ಒಂದು ನನ್ನ ಅತ್ತೆಯಿಂದ ಮಂಗಲಾಳಿಗೆ ಬಂತು. ಇನ್ನೊಂದು ಖಾನಾಪುರದಲ್ಲಿರುವ ಅವಳ ಮಾವಶಿಯ, ಎಂದರೆ ಚಿಕ್ಕಮ್ಮನ, ಕಪಾಟಿನಲ್ಲಿ ಉಳಿಯಿತು. ಎರಡೂ ಯಾವ ಕಿವಿಗೂ ಏರಲಿಲ್ಲ.

"ಅವ್ವನ ನೆನಪಿನ ಒಡವಿ ಅಲ್ಲೇನ ಮಂಗಲಾ?" ಎಂದೆ.

"ಅವ್ವನೂ ಹಾಕ್ಕೊಳ್ಳಿಲ್ಲ, ನಾನೂ ಹಾಕ್ಕೊಳ್ಳಿಲ್ಲ. ಒಂದ ಹಾಕ್ಕೊಂಡ್ರ ಮಂದಿ ಇನ್ನೊಂದ ಕಿವಿ ಇಣುಕಿ ನೋಡ್ತಾರ. ಆ ಹುಡುಗಿ ದಿನಾ ಗುಂಜಿಯಿಂದ ಗಾಡ್ಯಾಗ ನಿಂತಗೊಂಡ ಬರ್ತಾಳ. ಅಕಿ ಕೆಲಸಕ್ಕ ಬಂದ್ರ ಅವ್ವಗೂ ಸಮಾಧಾನ ಆಕ್ಕೇತಿ. ತಗೋರಿ" ಎಂದು ನನ್ನ ಅಂಗೈಯಲ್ಲಿ ಇಟ್ಟಳು. ಅದಕ್ಕೆ ಪೋಣಿಸಿದ್ದ ಮುತ್ತುಗಳನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಳು. ಗಂಡನಾದವನು ಇಂಥ ಹೊತ್ತಿನಲ್ಲಿ ಬೇಡ ಎನ್ನಬೇಕು ಎಂದು ನನಗೂ ಗೊತ್ತು. ನಾನು ಎಷ್ಟು ತೂಕ ಇರಬಹುದು ಎಂದು ಕೇಳಿದೆ.

ಮರುದಿನ ಅದನ್ನು ತೂಗಿ, ಟಿಪ್ಪಣಿ ಪುಸ್ತಕದಲ್ಲಿ ತೂಕ ಬರೆದು, ಆಮ್ಲಕ್ಕೆ ಬಿಟ್ಟೆ. ನೋಡುತ್ತಿದ್ದಂತೆ ಹೊರಗಿನ ಬಂಗಾರ ಕರಗಿ ದ್ರಾವಣ ಹಳದಿಯಾಯಿತು. ಆದರೆ ಒಳಗಿನಿಂದ ಒಂದು ಕೆಂಪು ಕಂದು ಬಣ್ಣದ ಗಡ್ಡೆ ಹೊರಬಿದ್ದು ತೇಲತೊಡಗಿತು. ಅರಗು! ಹೊರಗೆ ಬಂಗಾರದ ತೆಳು ತಗಡು, ಒಳಗೆ ತುಂಬಾ ಅರಗು. ಅಕ್ಕತಂಗಿಯರು ಜಗಳವಾಡಿ ಹಂಚಿಕೊಂಡದ್ದು ಹೆಚ್ಚಿನ ಪಾಲು ಅರಗನ್ನು. ಇದನ್ನು ಮಂಗಲಾಳಿಗೆ ಹೇಗೆ ಹೇಳುವುದು? ತಾಯಿಯ ಒಡವೆ ಎಂದು ಮನಸ್ಸು ಗಟ್ಟಿಮಾಡಿ ಕೊಟ್ಟವಳ ಮುಂದೆ ಅದರ ಹೊಟ್ಟೆಯಲ್ಲಿ ಅರಗಿತ್ತು ಎಂದರೆ ಅವಳ ಕೊಡುಗೆಯನ್ನೇ ಸಣ್ಣದು ಮಾಡಿದ ಹಾಗೆ. ಹೇಳಬಾರದು ಎಂದು ನಿಶ್ಚಯಿಸಿದೆ. ಇದು ನನ್ನ ಮೊದಲನೆಯ ಗುಟ್ಟು.

ಎರಡನೆಯದು ವಿದ್ಯಾಳಿಂದ ಮುಚ್ಚಿಟ್ಟದ್ದು. ಅವಳು ರಜೆ ಮುಗಿಸಿ ಬಂದಾಗ, "ಹಳೇ ಸೀಸೆಯಲ್ಲಿ ಇದ್ದದ್ದನ್ನು ಕರಗಿಸಿ ಇಟ್ಟಿದ್ದೇನೆ" ಎಂದು ದ್ರಾವಣ ಕೈಗಿಟ್ಟೆ. ಚಮಚದ ಕತೆ ಹೇಳುವುದಕ್ಕೆ ನಾಚಿಕೆಯಾಯಿತು, ಅಷ್ಟೆ. ಹದಿನೆಂಟು ವರ್ಷ ಬೇರೆಯವರ ಚಮಚ ಹಿಡಿದವನು ತನ್ನ ಚಮಚದ ಬಗ್ಗೆ ಹೇಗೆ ಬಾಯಿಬಿಡಬೇಕು? ಬುಗುಡಿಯಲ್ಲಿದ್ದ ಬೆಳ್ಳಿ ಬಿಳಿ ಮೊಸರಿನ ಹಾಗೆ ತಳಕ್ಕೆ ಕೂತಿತ್ತು, ಅದನ್ನು ಸೋಸಿ ತೆಗೆದು ಇನ್ನು ಇದು ಶುದ್ಧ ಬಂಗಾರ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ದ್ರಾವಣದ ಹಳದಿಯಲ್ಲಿ ಒಂದು ಎಳೆ ಹಸಿರು ಇತ್ತು. ಟ್ಯೂಬ್‌ಲೈಟು ಹಳೆಯದಾಗಿದೆ ಎಂದುಕೊಂಡೆ. ಈ ಮಾತನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ, ಯಾಕೆಂದು ಸ್ವಲ್ಪ ಮುಂದೆ ತಿಳಿಯುತ್ತದೆ.

ವಿದ್ಯಾ ಆ ದ್ರಾವಣದಿಂದ ಕ್ಯಾಟಲಿಸ್ಟ್ ಮಾಡಿದಳು. ಅದರ ಬಣ್ಣ ಎಂದಿಗಿಂತ ಸ್ವಲ್ಪ ಮಬ್ಬಾಗಿತ್ತು, ಕೆಲಸ ಮಾತ್ರ ಬೆರಗು ಹುಟ್ಟಿಸುವಂತಿತ್ತು. ಇಷ್ಟು ವರ್ಷ ಅರ್ಧ ದಾರಿಗೆ ನಿಲ್ಲುತ್ತಿದ್ದದ್ದು ಕೊನೆಯವರೆಗೆ ಹೋಯಿತು, ಸರಿಯಾಗಿ ಬಾದಾಮಿಯ ಹತ್ತಿರವೇ ನಿಂತಿತು. ಯಂತ್ರದ ಕಾಗದದ ಮೇಲೆ ಒಂದೇ ಒಂದು ಎತ್ತರದ ಗೆರೆ ಮೂಡಿದ್ದನ್ನು ನೋಡಿ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಯಲ್ಲಪ್ಪ ಓಡಿಹೋಗಿ ಬೆಳಗಾವಿಯ ಸಿಹಿ ಕುಂದಾ ತಂದ. ಕಣಗಳ ಫೋಟೋ ತೆಗೆಸಿದೆವು, ಮುದ್ದಾಗಿ ದುಂಡಗಿದ್ದವು. ಒಳಗೆ ಏನೇನು ಇದೆ ಎಂದು ಪರೀಕ್ಷೆ ಮಾಡಿಸಲಿಲ್ಲ, ಬಂಗಾರ ಹಾಕಿದ ಮೇಲೆ ಬಂಗಾರವೇ ಇರಬೇಕಲ್ಲ. ಲೇಖನ ಬರೆದು ಕಳಿಸಿದೆವು. ಬಹಳ ಚೆನ್ನಾಗಿದೆ, ಹೊಸದಾಗಿ ತಯಾರಿಸಿ ಇನ್ನೆರಡು ಸಲ ಮಾಡಿ ತೋರಿಸಿ ಎಂದು ಉತ್ತರ ಬಂತು. ಇದ್ದ ಪುಡಿ ಅಷ್ಟರಲ್ಲಿ ಬೇರೆ ಪರೀಕ್ಷೆಗಳಿಗೆ ಖರ್ಚಾಗಿತ್ತು. ಅದೇ ಹೊತ್ತಿಗೆ ಹೊಸ ಸೀಸೆಯೂ ಬಂದಿತ್ತು, ಅತ್ಯಂತ ಶುದ್ಧ ಎಂದು ಅದರ ಚೀಟಿಯ ಮೇಲೆ ಬರೆದಿತ್ತು. ನಾವು ಖುಷಿಯಿಂದ ಶುರುಮಾಡಿದೆವು.

ಶುದ್ಧ ಬಂಗಾರ ಅರ್ಧ ದಾರಿಗೆ ನಿಂತಿತು.

ಮುಂದಿನ ನಾಲ್ಕು ತಿಂಗಳು ನೆನಪಿಸಿಕೊಳ್ಳಲು ಮನಸ್ಸಿಲ್ಲ. ನಾನು ಒಂದು ವಾರ ನೀರಿನ ಮೇಲೆ ಅನುಮಾನ ಪಟ್ಟೆ, ಒಂದು ವಾರ ಬಿಳಿ ಪುಡಿಯ ಮೇಲೆ, ಆಮೇಲೆ ಬೆಳಗಾವಿಯ ಮಳೆಯ ಮೇಲೆ. ಮಳೆಗಾಲದಲ್ಲಿ ಉಪ್ಪೇ ನೀರಾಗುವ ಊರಿನಲ್ಲಿ ಮಳೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಯಲ್ಲಪ್ಪ ಕ್ಯಾಟಲಿಸ್ಟಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಬಾಗಿಲಿಗೆ ಲಿಂಬೆಹಣ್ಣು ಕಟ್ಟಿದ. ಬಿಚ್ಚು ಎಂದು ಹೇಳುವ ನೈತಿಕ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ವಿದ್ಯಾ ಮಾತ್ರ ಯಾರ ಮೇಲೂ ಅನುಮಾನ ಪಡಲಿಲ್ಲ, ತನ್ನ ಮೇಲೆಯೇ ಪಟ್ಟಳು. ಗಾಜಿನ ಪಾತ್ರೆಗಳನ್ನು ಮತ್ತೆ ಮತ್ತೆ ತೊಳೆದಳು. ಪ್ರತಿಯೊಂದು ತೂಕವನ್ನು ಮೂರು ಸಲ ತೂಗಿದಳು. ಒಂದು ಸಂಜೆ ರೈಲಿಗೆ ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡು ನಿಂತು, "ಅವತ್ತ ಹೆಂಗ ಬಂತೋ ಏನೋ ಸರ್. ಈಗ ನನ್ನ ಕೈಯಾಗ ಬರವಲ್ದು. ನನ್ನ ಕೈನ ಸರಿ ಇಲ್ಲ ಅನ್ನಸ್ತೇತಿ" ಎಂದಳು. ಆಗಲಾದರೂ ಬಾಯಿಬಿಡಬಹುದಾಗಿತ್ತು. ಛತ್ರಿ ಮರೆಯಬೇಡ ಎಂದು ಹೇಳಿ ಕಳಿಸಿದೆ.

ಆ ರಾತ್ರಿ ನನಗೊಂದು ಉಪಾಯ ಹೊಳೆಯಿತು. ಕೆಲಸ ಮಾಡಿದ್ದು ಬುಗುಡಿಯ ಬಂಗಾರ. ಹಳೆಯ ಬಂಗಾರದಲ್ಲಿ ಏನೋ ಗುಣವಿದೆ. ಆ ಗುಣ ಏನೆಂದು ಯೋಚಿಸುವ ಬದಲು ನಾನು ಯೋಚಿಸಿದ್ದು, ಅದರ ಜೋಡಿ ಖಾನಾಪುರದಲ್ಲಿ ಇದೆಯಲ್ಲ ಎಂದು. ಅದನ್ನೂ ತಂದು ಕರಗಿಸಿದರೆ ವಿದ್ಯಾಳ ಕೆಲಸವಾಗುತ್ತದೆ, ನನ್ನ ಚಮಚದ ಮಾನವೂ ಉಳಿಯುತ್ತದೆ. ಒಬ್ಬ ಹುಡುಗಿಯ ಮುಂದೆ ಒಂದು ಸಣ್ಣ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಒಬ್ಬ ಮುದುಕಿಯ ಒಡವೆ ಕರಗಿಸುವುದು ಸುಲಭ ಅನಿಸಿತು. ಮಂಗಲಾಳಿಗೆ ಹೇಳಿದೆ. ಅವಳು "ಕೇಳೂಣು ನಡೀರಿ. ಕೊಟ್ರ ಕೊಟ್ಲು" ಎಂದಳು. ಶನಿವಾರ ಸಂಜೆಯ ಪ್ಯಾಸೆಂಜರಿಗೆ ಇಬ್ಬರೂ ಕುಂದಾದ ಡಬ್ಬಿ ಹಿಡಿದು ಹೊರಟೆವು.

ಗುಂಜಿಗೆ ಹೋಗುವವರು ಕೂಡ ಖಾನಾಪುರದ ಗಾಡಿಯಲ್ಲೇ ಹೋಗಬೇಕು ಎನ್ನುವ ಭೂಗೋಳ ನನಗೆ ಹೊಳೆದದ್ದು ವಿದ್ಯಾ ನಮ್ಮೆದುರಿನ ಸೀಟಿಗೆ ಬಂದು ಕೂತ ಮೇಲೆ.

"ಎಲ್ಲಿಗೆ ಹೊಂಟೀರ್ರಿ ಅಕ್ಕಾರ?" ಎಂದು ಅವಳು ಮಂಗಲಾಳನ್ನು ಕೇಳಿದಳು.

"ಮಾವಶಿ ಮನಿಗೆ. ಇನ್ನೊಂದ ಬುಗುಡಿ ಕೇಳಾಕ" ಎಂದಳು ಮಂಗಲಾ. ವಿದ್ಯಾ ಅರ್ಥವಾಗದೆ ನಕ್ಕಳು. ನಾನು ಕಿಟಕಿಯ ಹೊರಗೆ ಒಂದು ಎಮ್ಮೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಮಂಗಲಾ ಅಷ್ಟಕ್ಕೇ ನಿಲ್ಲಿಸಲಿಲ್ಲ: "ಮೊದಲನೇದ ನಿಮ್ಮ ಸರ್ ಕರಗಿಸ್ಯಾರಲ್ಲ ನಿನ್ನ ಸಲುವಾಗಿ! ಸೀಸೆದಾಗ ಉಕ್ಕಿನ ಚಮಚ ಬಿಟ್ಟ ಹಾಳ ಮಾಡಿದ್ರಲ್ಲ, ಅವತ್ತ. ನಿನಗ ಹೇಳಿಲ್ಲೇನು?"

ದೇಸೂರು ಸ್ಟೇಷನ್ ಬಂದು ಹೋಯಿತು. ವಿದ್ಯಾ ತನ್ನ ಚೀಲದ ಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಸರ್, ಬುಗುಡಿ ಅಂದ್ರ ಇಪ್ಪತ್ತೆರಡ ಕ್ಯಾರೆಟ್ ಇರ್ತೇತಲ್ರಿ?" ಎಂದಳು.

"ಹೂಂ."

"ಬೆಳ್ಳಿ ಸೋಸಿ ತಗದಿರಬೇಕು ನೀವು."

"ಹೂಂ."

"ತಾಂಬ್ರ?"

ನಾನು ಕಿಟಕಿಯನ್ನು ಬಿಟ್ಟು ಅವಳ ಮುಖ ನೋಡಿದೆ. ತಾಮ್ರ! ಒಡವೆಯ ಬಂಗಾರದಲ್ಲಿ ತಾಮ್ರ ಕೂಡಿಸಿರುತ್ತಾರೆ ಎಂದು ಒಡವೆ ಹಾಕಿಕೊಳ್ಳುವ ಪ್ರತಿ ಹೆಂಗಸಿಗೂ ಗೊತ್ತು. ಬೆಳ್ಳಿ ಆ ಆಮ್ಲದಲ್ಲಿ ತಳಕ್ಕೆ ಕೂರುತ್ತದೆ, ತಾಮ್ರ ಕರಗಿ ದ್ರಾವಣದಲ್ಲೇ ಉಳಿದು ಹಸಿರು ಬಣ್ಣ ಕೊಡುತ್ತದೆ ಎಂದು ನಾನೇ ಪ್ರತಿ ವರ್ಷ ಪಾಠ ಮಾಡುತ್ತೇನೆ. ಆ ಟ್ಯೂಬ್‌ಲೈಟಿನದು ಏನೂ ತಪ್ಪಿರಲಿಲ್ಲ. ನಮ್ಮ ಕೈಗೆ ಬಂದದ್ದು ಬರೀ ಬಂಗಾರದ ಕ್ಯಾಟಲಿಸ್ಟ್ ಅಲ್ಲ, ಬಂಗಾರ ಮತ್ತು ತಾಮ್ರ ಎರಡೂ ಒಂದೇ ಕಣದಲ್ಲಿ ಕೂಡಿದ್ದು. ಬಂಗಾರ ಒಂದೇ ಮಾಡಲಾರದ ಕೆಲಸವನ್ನು ಪಕ್ಕದಲ್ಲಿ ಕೂತ ತಾಮ್ರ ಮಾಡಿಸಿತ್ತು. ಇಂಥ ಜೋಡಿ ಲೋಹಗಳ ಬಗ್ಗೆ ಜಗತ್ತಿನಲ್ಲಿ ಎಷ್ಟೋ ಮಂದಿ ಬರೆದಿದ್ದಾರೆ, ನಾನೂ ಓದಿ ಅಡಿಗೆರೆ ಹಾಕಿದ್ದೇನೆ. ಕರಗಿಸಿದ್ದು ಬುಗುಡಿ ಎಂದು ಅವಳಿಗೆ ಮೊದಲೇ ಗೊತ್ತಿದ್ದರೆ ನಾಲ್ಕು ನಿಮಿಷದಲ್ಲಿ ಹೇಳುತ್ತಿದ್ದಳು.

"ನಾಲ್ಕ ತಿಂಗಳರಿ ಸರ್" ಎಂದಳು ಅವಳು. ದನಿ ಏರಲಿಲ್ಲ. "ನಾಲ್ಕ ತಿಂಗಳ ನಾ ನನ್ನ ಕೈನ ಬೈಕೊಂಡೆ."

"ತಪ್ಪ ನಂದು ವಿದ್ಯಾ. ಪೂರಾ ನಂದ" ಎಂದೆ. ಇಷ್ಟು ಹೇಳಲು ಬೆಳಗಾವಿಯಿಂದ ದೇಸೂರು ದಾಟಿ ಬರಬೇಕಾಯಿತು. ಮಂಗಲಾ ನನ್ನನ್ನು ಒಂದು ಸಲ ನೋಡಿದಳು, ಮರಾಠಿಯಲ್ಲಿ ಶುರುಮಾಡಲೂ ಇಲ್ಲ. ಚೀಲದಿಂದ ಅವಲಕ್ಕಿ ಚೂಡಾದ ಡಬ್ಬಿ ತೆಗೆದು ವಿದ್ಯಾಳ ತೊಡೆಯ ಮೇಲೆ ಇಟ್ಟಳು. ನನ್ನ ಕಡೆಗೆ ಡಬ್ಬಿ ಬರಲೇ ಇಲ್ಲ.

ಖಾನಾಪುರದಲ್ಲಿ ನಾವು ಇಳಿದಾಗ ಯಾರೂ ಕರೆಯದೆ ವಿದ್ಯಾಳೂ ಇಳಿದಳು. ಮಾವಶಿ ಬಾಗಿಲಲ್ಲೇ ನಿಂತಿದ್ದರು. "ಯಾ ಯಾ, ಬರ್ರಿ ಜಾವಯಿಬಾಪು, ಕುಂದರ್ರಿ" ಎಂದು ಅಳಿಯನಿಗೆ ಕೊಡುವ ಎಲ್ಲ ಮರ್ಯಾದೆ ಕೊಟ್ಟರು. ಆ ಮರ್ಯಾದೆ ಅವತ್ತು ನನಗೆ ಹೊಂದದ ಅಂಗಿಯ ಹಾಗೆ ಇತ್ತು. ಚಹಾ ಆದ ಮೇಲೆ ಮಂಗಲಾ ಎಲ್ಲ ವಿಷಯ ಹೇಳಿದಳು. ಮಾವಶಿ ಬುಗುಡಿ ತಂದು ಬೆಳಕಿಗೆ ಹಿಡಿದು ತೋರಿಸಿದರು.

"ತಾಂಬ್ರ ಇಲ್ಲದ ಏನ? ನಮ್ಮವ್ವ ಮೊದಲ ಮಾಡಿಸಿದಾಗ ಭಾಳ ಮೆತ್ತಗಾಗಿ, ಹಾಕ್ಕೋಬೇಕಾದ್ರ ಬಗ್ಗತಿತ್ತಂತ. ತಾಂಬ್ರ ಇನ್ನಷ್ಟ ಕೂಡಿಸಿ ಗಟ್ಟಿ ಮಾಡಿ ಕೊಡು ಅಂತ ಅಕ್ಕಸಾಲಿಗ್ಗ ವಾಪಸ್ ಕೊಟ್ಟಿದ್ಲು. ಬರೇ ಬಂಗಾರ ನಿಲ್ಲೂದಿಲ್ಲವ್ವಾ" ಎಂದರು. ವಿದ್ಯಾ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ನಾನು ನಾಲ್ಕು ತಿಂಗಳಲ್ಲಿ ಹೇಳಿದ ಯಾವ ಮಾತನ್ನೂ ಅವಳು ಅಷ್ಟು ಶ್ರದ್ಧೆಯಿಂದ ಬರೆದುಕೊಂಡಿರಲಿಲ್ಲ. "ನಾವಿಬ್ರೂ ಅಕ್ಕತಂಗ್ಯಾರು ಸಮ ಆಗಲಿ ಅಂತ ಒಂದೊಂದ ತಗೊಂಡ್ವಿ. ಸಮ ಆತು. ಉಪಯೋಗ ಒಬ್ಬರಿಗೂ ಆಗಲಿಲ್ಲ" ಎಂದು ಮಾವಶಿ ಕಣ್ಣೊರೆಸಿಕೊಂಡರು. ಮಂಗಲಾಳೂ ಒರೆಸಿಕೊಂಡಳು. ಮಾವಶಿ, ಕರಗಿಸುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡು, ಬುಗುಡಿಯನ್ನು ನನ್ನ ಕೈಗೆ ಕೊಡದೆ ವಿದ್ಯಾಳ ಕೈಗೆ ಕೊಟ್ಟರು.

ಕರಗಿಸುವ ಅಗತ್ಯವೂ ಇರಲಿಲ್ಲ. ಈಗ ಸರಾಫರ ಅಂಗಡಿಗಳಲ್ಲಿ ಒಂದು ಯಂತ್ರ ಇರುತ್ತದೆ. ಒಡವೆ ಒಳಗಿಟ್ಟರೆ ಬಂಗಾರ ಎಷ್ಟು, ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಗೀರು ಕೂಡ ಬೀಳದಂತೆ ಚೀಟಿ ಬರೆದುಕೊಡುತ್ತದೆ. ಆ ಚೀಟಿ ಹಿಡಿದುಕೊಂಡು ವಿದ್ಯಾ ಶುದ್ಧ ಬಂಗಾರದ ದ್ರಾವಣಕ್ಕೆ ತೂಗಿ ತಾಮ್ರ ಕೂಡಿಸಿದಳು. ಮೊದಲ ಸಲ ಬಾದಾಮಿ ಘಮಘಮ ಎಂದಿತು. ಎರಡನೆಯ ಸಲವೂ ಎಂದಿತು. ಮೂರನೆಯ ಸಲ ಯಂತ್ರದ ಕಾಗದ ಹೊರಬರುವವರೆಗೆ ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದಳು. ನಾನು ಹೊರಗೆ ಹೋಗಿ ಕನ್ನಡಕ ಒರೆಸಿಕೊಂಡು ಬಂದೆ. ಯಲ್ಲಪ್ಪ ತನ್ನ ಲಿಂಬೆಹಣ್ಣಿಗೆ ನಮಸ್ಕಾರ ಮಾಡಿದ. ಲೇಖನಕ್ಕೆ ಒಪ್ಪಿಗೆ ಸಿಕ್ಕಿತು, ಮಳೆ ಹಿಂದೆ ಸರಿಯುವ ಮೊದಲೇ ಮಹಾಪ್ರಬಂಧವೂ ಹೋಯಿತು. ಚಮಚದಿಂದ ಹಿಡಿದು ಬುಗುಡಿಯವರೆಗೆ ಎಲ್ಲವನ್ನೂ ಅದರಲ್ಲಿ ಬರೆ ಎಂದು ನಾನೇ ಹೇಳಿದೆ. ಬರೆದಳು. ಅರಗಿನ ವಿಷಯ ಮಾತ್ರ ನಾನು ಅವಳಿಗೂ ಹೇಳಿರಲಿಲ್ಲ. ಗುಟ್ಟುಗಳಲ್ಲಿ ಒಂದಾದರೂ ಉಳಿಯಲಿ, ಅದು ಸುಳ್ಳಲ್ಲ, ಹೆಂಡತಿಯ ಮೇಲಿನ ಪ್ರೀತಿ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ.

ಮೌಖಿಕ ಪರೀಕ್ಷೆಗೆ ವಿದ್ಯಾ ತನ್ನ ಮನೆಯವರ ಜೊತೆಗೆ ಮಂಗಲಾಳನ್ನೂ ಮಾವಶಿಯನ್ನೂ ಕರೆದಿದ್ದಳು. ಇಬ್ಬರೂ ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ನಗುವುದು ಶಾಸ್ತ್ರಕ್ಕೆ ವಿರುದ್ಧ ಎಂದು ತಿಳಿದವರು. ಎಲ್ಲ ಪ್ರಶ್ನೆಗಳಿಗೂ ವಿದ್ಯಾ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟಳು. ಕೊನೆಗೆ ಅವರು ಒಂದು ಪುಟಕ್ಕೆ ಬೆರಳಿಟ್ಟರು. ಮೊದಲ ಬಾರಿ ಕರಗಿಸಿದ ಒಡವೆಯ ತೂಕ ಇಷ್ಟು ಎಂದು ಬರೆದಿದ್ದೀರಿ, ದ್ರಾವಣದಲ್ಲಿ ಬಂದ ಬಂಗಾರ ಅದರ ಅರ್ಧವೂ ಇಲ್ಲ, ಉಳಿದದ್ದು ಎಲ್ಲಿ ಹೋಯಿತು, ಈ ಅಂಕಿಯನ್ನು ನಾನು ಹೇಗೆ ನಂಬಲಿ ಎಂದರು. ಆ ತೂಕ ಅವಳು ನನ್ನ ಟಿಪ್ಪಣಿಯಿಂದ ಎತ್ತಿಕೊಂಡದ್ದು. ಅವಳು ನನ್ನ ಕಡೆ ನೋಡಿದಳು. ಅಂದು ಚೀಲ ಹೆಗಲಿಗೇರಿಸಿ ನಿಂತಾಗ ಇದ್ದ ಮುಖವೇ ಅದು. ಆರು ವರ್ಷದ ಕೆಲಸದ ಮೇಲೆ ಅನುಮಾನದ ಬೆರಳು ಬಿದ್ದಿತ್ತು.

ನಾನು ಎದ್ದು ನಿಂತೆ. ಹಿಂದಿನ ಸಾಲಿನ ಕಡೆ ನೋಡದೆ, "ಅಂಕಿ ಸರಿಯಾಗಿದೆ. ತೂಗಿದ್ದು ನಾನು, ಕರಗಿಸಿದ್ದೂ ನಾನು. ಆ ಒಡವೆಯ ಒಳಗೆ ಅರಗು ತುಂಬಿತ್ತು. ಹೆಚ್ಚಿನ ತೂಕ ಅರಗಿನದು. ಇದನ್ನು ನಾನು ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ" ಎಂದೆ. ಪರೀಕ್ಷಕರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ಪುಟದ ಅಂಚಿನಲ್ಲಿ ಏನೋ ಬರೆದು, ಆ ದಿನದಲ್ಲಿ ಮೊದಲ ಸಲ ನಕ್ಕು, ಡಾಕ್ಟರ್ ವಿದ್ಯಾ ಎಂದು ಅವಳ ಕೈ ಕುಲುಕಿದರು. ಗುಂಜಿಯಿಂದ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಆ ಚಪ್ಪಾಳೆ ಕೇಳಿಸಿತು, ಆದರೆ ಬೆನ್ನಿನ ಮೇಲೆ ನೆಟ್ಟ ಎರಡು ಕಣ್ಣುಗಳು ಅದಕ್ಕಿಂತ ಜೋರಾಗಿ ಕೇಳಿಸುತ್ತಿದ್ದವು.

ಚಹಾದ ಮೇಜಿನ ಬಳಿ ಮಂಗಲಾ ಎದುರಿಗೆ ಬಂದಳು. ಕೈಯಲ್ಲಿ ಕುಂದಾದ ತಟ್ಟೆ ಇತ್ತು. ನಾನು ಮೊದಲೇ ಶುರುಮಾಡಿದೆ: "ನಿನಗ ಬ್ಯಾಸರ ಆಕ್ಕೇತಿ ಅಂತ ಹೇಳಲಿಲ್ಲ ಮಂಗಲಾ. ಅವ್ವನ ಒಡವಿ, ಅಷ್ಟ ಪ್ರೀತಿಲೆ ಕೊಟ್ಟಿದ್ದಿ, ಅದರಾಗ ಅರಗು ಐತಿ ಅಂತ ಹೆಂಗ..."

"ಅರಗು ಇದ್ದದ್ದ ನನಗ ಗೊತ್ತಿರಲಿಲ್ಲೇನ್ರಿ?" ಎಂದಳು ಅವಳು. "ಸಣ್ಣಾಕಿ ಇದ್ದಾಗ ಅವ್ವ ಕೈಯಾಗ ಕೊಟ್ಟು, ನೋಡು, ಹೊರಗ ಬಂಗಾರ, ಒಳಗ ಅರಗು ಅಂತ ತೋರಿಸಿದ್ಲು. ಮಾವಶಿಗೂ ಗೊತ್ತೈತಿ. ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತೈತಿ."

ಅವಳ ಹಿಂದೆ ನಿಂತಿದ್ದ ಮಾವಶಿ ಹೌದೆಂದು ತಲೆಯಾಡಿಸಿದರು.

"ಮತ್ತ ನನಗ ಯಾಕ ಹೇಳಲಿಲ್ಲ?" ಎಂದೆ.

"ನೀವ ಕೇಳಲಿಲ್ಲ, ನಾ ಹೇಳಲಿಲ್ಲ. ಅಲ್ರೀ, ಖರೇ ಹೇಳ್ರಿ, ಅದು ಪೂರಾ ಬಂಗಾರದ ಇದ್ದಿದ್ರ, ಬಂಗಾರದ ನೀರಾಗ ಚಮಚ ಬಿಟ್ಟ ಚಹಾಕ್ಕ ಹೋಗೂ ಮನಶಾನ ಕೈಯಾಗ ಯಾರರೆ ಕೊಡ್ತಾರೇನು?"

ನಾನು ಉತ್ತರ ಕೊಡಬಾರದೆಂದೇ ಇರಬೇಕು, ಸಕ್ಕರೆ ಕಾಯಿಲೆಯನ್ನೂ ಲೆಕ್ಕಿಸದೆ ಅವಳು ನನ್ನ ಬಾಯಿಗೆ ಒಂದು ದೊಡ್ಡ ತುತ್ತು ಕುಂದಾ ಇಟ್ಟಿದ್ದಳು. ಆ ಚಮಚವೂ ಉಕ್ಕಿನದೇ.